ಖಾಲಿ ಕುರ್ಚಿಯ ಮೇಲೆ ಯಾರಿಗೆ ದೂರು?

ಹೈದರಾಬಾದಿನ ಬೇಗಂ ಬಜಾರ್ ಸಗಟು ವ್ಯಾಪಾರದ ಪೇಟೆ. ಹಿತ್ತಾಳೆ, ಸ್ಟೀಲಿನ ಪಾತ್ರೆ, ಒಣಹಣ್ಣು, ಮಸಾಲೆ, ಪೂಜಾ ಸಾಮಗ್ರಿ, ಮದುವೆ ಸಾಮಾನು, ಏನು ಬೇಕೆಂದರೂ ಒಂದಲ್ಲ ಒಂದು ಗಲ್ಲಿಯಲ್ಲಿ ಸಿಗುತ್ತದೆ. ಎರಡನೇ ನಿಜಾಮ ಅಲಿ ಖಾನನ ಬೇಗಂ ಹುಮ್ದಾ ಈ ಜಾಗವನ್ನು ವ್ಯಾಪಾರಿಗಳಿಗೆ ಬಿಟ್ಟುಕೊಟ್ಟಳು, ಅದರಿಂದಲೇ ಈ ಹೆಸರು ಬಂತು ಎನ್ನುತ್ತಾರೆ. ಪೇಟೆಯ ಒಂದು ಮಗ್ಗುಲಿಗೆ 1935ರಲ್ಲಿ ಕಟ್ಟಿದ ಕಲ್ಲಿನ ಮೊಅಜ್ಜಂ ಜಾಹಿ ಮಾರ್ಕೆಟ್ ಇದೆ. ಆ ಮಾರ್ಕೆಟ್ಟಿನ ಆಸುಪಾಸಿನಲ್ಲೇ, ಹಿಂದೆ ಭ್ರಷ್ಟಾಚಾರ ನಿಗ್ರಹ ದಳದ ಕಚೇರಿಯಿದ್ದ ಕಟ್ಟಡಕ್ಕೆ ಈಗ 'ಸಮಾಚಾರ ಹಕ್ಕು ಭವನ' ಎಂಬ ಹೆಸರಿದೆ. ಅಲ್ಲಿರುವುದು ತೆಲಂಗಾಣ ರಾಜ್ಯ ಮಾಹಿತಿ ಆಯೋಗ.

ಸರ್ಕಾರಿ ಕಚೇರಿ ಮಾಹಿತಿ ಕೊಡದಿದ್ದರೆ ಜನ ಕೊನೆಯದಾಗಿ ಬಂದು ನಿಲ್ಲುವ ಬಾಗಿಲು ಇದು. ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಕಚೇರಿಯ ಮಾಹಿತಿ ಅಧಿಕಾರಿ 30 ದಿನಗಳಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗ ಬೇಕೆಂದರೆ ಕಡತ ತರಿಸಿಕೊಳ್ಳಬಹುದು, ಅಧಿಕಾರಿಯನ್ನು ಕರೆಸಬಹುದು, ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

2023ರ ಫೆಬ್ರುವರಿ 24ರಂದು ಈ ಆಯೋಗದಲ್ಲಿ ಉಳಿದಿದ್ದ ಆಯುಕ್ತರ ಅವಧಿ ಮುಗಿಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೊಸ ಮುಖ್ಯ ಆಯುಕ್ತರ ನೇಮಕವಾದದ್ದು 2025ರ ಮೇ ತಿಂಗಳಲ್ಲಿ. ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಟ್ಟಡವಿತ್ತು, ಬೋರ್ಡಿತ್ತು, ಮೇಲ್ಮನವಿಗಳು ಬಂದು ಬೀಳುತ್ತಿದ್ದವು. ವಿಚಾರಣೆ ಮಾಡಿ ಆದೇಶ ಬರೆಯುವ ಒಬ್ಬನೇ ಒಬ್ಬ ಆಯುಕ್ತ ಇರಲಿಲ್ಲ.

ತಹಶೀಲ್ದಾರ್ ಕಚೇರಿಯ ಮೇಲಿನ ದೂರನ್ನು ಆಯೋಗಕ್ಕೆ ಕೊಡಬಹುದು. ಆಯೋಗದ ಮೇಲೆಯೇ ದೂರಿದ್ದರೆ? ಆಯುಕ್ತರು ವರ್ಷಗಟ್ಟಲೆ ಪ್ರಕರಣ ಎತ್ತಿಕೊಳ್ಳದಿದ್ದರೆ, ಪಕ್ಷಪಾತ ಮಾಡಿದರೆ, ಹಣ ಕೇಳಿದರೆ, ಅಥವಾ ಆಯುಕ್ತರೇ ಇಲ್ಲದಿದ್ದರೆ? ಈ ಪ್ರಶ್ನೆಗೆ ಕಾಯ್ದೆ ಕೊಟ್ಟ ಉತ್ತರ, ಆ ಉತ್ತರ ಇಪ್ಪತ್ತು ವರ್ಷಗಳಲ್ಲಿ ಪಟ್ಟ ಪಾಡು, ಎರಡನ್ನೂ ಹೈದರಾಬಾದಿನಷ್ಟು ಸ್ಪಷ್ಟವಾಗಿ ತೋರಿಸುವ ಊರು ಇನ್ನೊಂದು ಸಿಗುವುದು ಕಷ್ಟ.

ಅರ್ಜಿ ಹೋಗುತ್ತಿದ್ದ ದಾರಿ

ಮೊಅಜ್ಜಂ ಜಾಹಿ ಮಾರ್ಕೆಟ್ಟಿನಿಂದ ಬೇಗಂ ಬಜಾರಿನ ಅಂಚು ಹಿಡಿದು ದಕ್ಷಿಣಕ್ಕೆ ನಡೆದರೆ ಅಫ್ಜಲ್‌ಗಂಜ್, ಉಸ್ಮಾನಿಯಾ ಆಸ್ಪತ್ರೆ, ಆಮೇಲೆ ಮೂಸಿ ನದಿಯ ನಯಾಪುಲ್. ಸೇತುವೆ ದಾಟಿದರೆ ಬಲಗಡೆ ಹೈಕೋರ್ಟಿನ ಕೆಂಪು ಕಟ್ಟಡ. ಒಟ್ಟು ದಾರಿ ಸುಮಾರು ಎರಡು ಕಿಲೋಮೀಟರ್. ಮಾಹಿತಿ ಆಯೋಗದ ಮೇಲೆ ಬೇಸತ್ತ ಅರ್ಜಿದಾರ ಕಡೆಗೆ ನಡೆಯಬೇಕಾದ ದಾರಿಯೂ ಇದೇ.

ಕಲ್ಯಾಣ ಕರ್ನಾಟಕದ ಹಿರಿಯರಿಗೆ ಈ ದಾರಿ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಹೊಲದ ತಕರಾರಿನಿಂದ ಹಿಡಿದು ಅಧಿಕಾರಿಯ ಮೇಲಿನ ದೂರಿನವರೆಗೆ ಕೊನೆಯ ಅಪೀಲು ಎಂದರೆ ಹೈದರಾಬಾದ್. 1920ರಿಂದ ಹೈಕೋರ್ಟು ಮೂಸಿಯ ದಂಡೆಯ ಇದೇ ಕಟ್ಟಡದಲ್ಲಿ ನಡೆಯಿತು.

ನಿಜಾಮನ ಆಡಳಿತದಲ್ಲಿ ದೂರು ಕೊಡುವ ಪದ್ಧತಿ ಇರಲಿಲ್ಲವೆಂದಲ್ಲ. ಅರ್ಜಿ ಬರೆಯುವುದು ಆ ಆಡಳಿತದ ನಿತ್ಯದ ವ್ಯವಹಾರವೇ ಆಗಿತ್ತು. ಆದರೆ ಅರ್ಜಿ ಕೆಳಗಿನ ಅಧಿಕಾರಿಯಿಂದ ಮೇಲಿನ ಅಧಿಕಾರಿಗೆ ಹೋಗುತ್ತಿತ್ತು. ಕೇಳುವವನೂ ದೂರಿಗೆ ಗುರಿಯಾದವನೂ ಒಂದೇ ಮನೆಯವರು. ಸಾರ್ವಜನಿಕ ಸಭೆ ನಡೆಸಲು ಮುಂಚಿತ ಅನುಮತಿ ಬೇಕೆಂದ 'ಗಷ್ತಿ 53' ಎಂಬ ಸುತ್ತೋಲೆ ಜಾರಿಯಲ್ಲಿದ್ದ ಕಾಲದಲ್ಲಿ ಆ ಮನೆಯ ಹೊರಗೆ ನಿಂತು ದೂರುವುದೂ ಕಷ್ಟವಾಗಿತ್ತು.

1950ರಲ್ಲಿ ಸಂವಿಧಾನ ಬಂದಾಗ ಅದರ 226ನೇ ವಿಧಿ ಈ ಮನೆಗೆ ಹೊರಗಿನಿಂದ ಒಂದು ಬಾಗಿಲು ತೆರೆಯಿತು. ಸರ್ಕಾರದ ಯಾವುದೇ ಅಂಗ ಕಾನೂನು ಮೀರಿದರೆ ನಾಗರಿಕನು ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಮಾಹಿತಿ ಆಯೋಗದ ಕತೆಯಲ್ಲಿ ಕೊನೆಗೆ ಉಳಿಯುವ ಬಾಗಿಲೂ ಅದೇ.

ಆಯೋಗ ಏಕೆ ಬೇಕಾಯಿತು

ಮಾಹಿತಿ ಕೊಡಿಸುವ ಕಾನೂನನ್ನು ಕರ್ನಾಟಕ ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ ಮಾಡಿತು. ಆ ಕಾಯ್ದೆಯಲ್ಲಿ ಪ್ರತ್ಯೇಕ ಆಯೋಗ ಇರಲಿಲ್ಲ. ಎರಡನೇ ಮೇಲ್ಮನವಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುತ್ತಿತ್ತು. 2002ರಲ್ಲಿ ಸಂಸತ್ತು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಎರಡನೇ ಮೇಲ್ಮನವಿ ಕೇಳಬೇಕಾದದ್ದು ಸರ್ಕಾರವೇ. ಮಾಹಿತಿ ಮುಚ್ಚಿಟ್ಟವರ ಮೇಲಿನ ದೂರನ್ನು ಮುಚ್ಚಿಟ್ಟವರ ಯಜಮಾನರ ಮುಂದೆ ಇಡುವ ಈ ಕಾಯ್ದೆ ಕೊನೆಗೂ ಜಾರಿಗೆ ಬರಲಿಲ್ಲ.

ರಾಜಸ್ಥಾನದ ಹಳ್ಳಿಗಳಲ್ಲಿ 1994ರ ಹೊತ್ತಿಗೆ ಶುರುವಾದ ಜನಸುನವಾಯಿಗಳಿಂದ ಬೆಳೆದ ಚಳವಳಿ ಇದನ್ನು ಒಪ್ಪಲಿಲ್ಲ. ಕೂಲಿ ಪಟ್ಟಿ, ಬಿಲ್ಲು, ವೋಚರುಗಳನ್ನು ಊರ ಮುಂದೆ ಓದಿಸಿದ ಆ ಸಭೆಗಳು ಕಲಿಸಿದ ಪಾಠ ಸರಳ. ಕಡತ ಇರುವವನ ಕೈಯಲ್ಲೇ ತೀರ್ಪೂ ಇದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ ಕೇಂದ್ರದಲ್ಲೂ ರಾಜ್ಯಗಳಲ್ಲೂ ಪ್ರತ್ಯೇಕ ಆಯೋಗ ರಚಿಸಿದ್ದು ಆ ಕಾರಣಕ್ಕೆ. 2005ರ ಅಕ್ಟೋಬರ್ 12ರಂದು ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು.

ಆಯುಕ್ತರು ಸರ್ಕಾರಕ್ಕೆ ಹೆದರಬಾರದು ಎಂಬುದು ಕಾಯ್ದೆ ಬರೆದವರ ಮೊದಲ ಚಿಂತೆ. ಮುಖ್ಯ ಕಾರ್ಯದರ್ಶಿಗೆ ನೋಟಿಸು ಕೊಟ್ಟ ಆಯುಕ್ತರನ್ನು ಮರುದಿನ ಮನೆಗೆ ಕಳಿಸುವಂತಿದ್ದರೆ ನೋಟಿಸು ಹೊರಡುವುದೇ ಇಲ್ಲ. ಹಾಗಾಗಿ ಐದು ವರ್ಷದ ನಿಶ್ಚಿತ ಅವಧಿ ಕೊಟ್ಟರು. ತೆಗೆದುಹಾಕುವುದಕ್ಕೆ 17ನೇ ಸೆಕ್ಷನ್ನಿನಲ್ಲಿ ಕಠಿಣ ದಾರಿ ಹಾಕಿದರು. ದುರ್ನಡತೆ ಅಥವಾ ಅಸಾಮರ್ಥ್ಯದ ಆರೋಪವಿದ್ದರೆ ರಾಜ್ಯಪಾಲರು ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಪ್ಪಿಸಬೇಕು. ಕೋರ್ಟು ವಿಚಾರಣೆ ನಡೆಸಿ, ತೆಗೆಯುವುದು ಸರಿಯೆಂದು ವರದಿ ಕೊಟ್ಟ ಮೇಲೆಯೇ ರಾಜ್ಯಪಾಲರು ಆದೇಶ ಮಾಡಬಹುದು. ವಿಷಯ ಒಪ್ಪಿಸಿದ ಮೇಲೆ ಆಯುಕ್ತರನ್ನು ಅಮಾನತಿನಲ್ಲಿಡಬಹುದು. ದಿವಾಳಿತನ, ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆ, ಸಂಬಳಕ್ಕೆ ಬೇರೆ ಕೆಲಸ ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಸುಪ್ರೀಂ ಕೋರ್ಟಿನ ವಿಚಾರಣೆ ಬೇಕಿಲ್ಲ.

ಲೋಕಸೇವಾ ಆಯೋಗಗಳ ಸದಸ್ಯರಿಗೆ ಸಂವಿಧಾನದ 317ನೇ ವಿಧಿ ಕೊಟ್ಟ ರಕ್ಷಣೆಯೂ ಇಂಥದ್ದೇ. ಆ ದಾರಿ ಎಷ್ಟು ಅಪರೂಪದ್ದು ಎಂಬುದಕ್ಕೆ ಹರಿಯಾಣ ಲೋಕಸೇವಾ ಆಯೋಗದ ಪ್ರಕರಣ ಸಾಕ್ಷಿ. ದೇಶದ ಅತ್ಯುಚ್ಚ ನ್ಯಾಯಾಲಯವೇ ಕೂತು ಆರೋಪಗಳನ್ನು ಒಂದೊಂದಾಗಿ ಪರಿಶೀಲಿಸಿ 2010ರಲ್ಲಿ ತನ್ನ ಅಭಿಪ್ರಾಯ ಕೊಟ್ಟಿತು. ಸರ್ಕಾರದ ಸಿಟ್ಟಿನಿಂದ ಒಬ್ಬರನ್ನು ಕಾಪಾಡಲು ಇದು ಗಟ್ಟಿ ಗೋಡೆ. ಸಾಮಾನ್ಯ ಅರ್ಜಿದಾರನ ಕಡೆಯಿಂದ ನೋಡಿದರೂ ಅದು ಗೋಡೆಯೇ.

ನಾಲ್ಕು ಬಗೆಯ ದೂರು

ಆಯೋಗದ ಮೇಲೆ ಬರುವ ದೂರುಗಳನ್ನು ಬಿಡಿಸಿ ನೋಡಿದರೆ ನಾಲ್ಕು ಬಗೆ ಕಾಣುತ್ತವೆ.

ಮೊದಲನೆಯದು ಆದೇಶ ತಪ್ಪು ಎಂಬ ದೂರು. ಆಯೋಗದ ತೀರ್ಮಾನ ಎಲ್ಲರನ್ನೂ ಬದ್ಧಗೊಳಿಸುತ್ತದೆ ಎಂದು ಕಾಯ್ದೆ ಹೇಳುತ್ತದೆ. 23ನೇ ಸೆಕ್ಷನ್ ಸಿವಿಲ್ ದಾವೆಯ ದಾರಿಯನ್ನು ಮುಚ್ಚುತ್ತದೆ. ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಶುರುವಾದ ಮಾಹಿತಿಯ ಪ್ರಶ್ನೆ ಇಲ್ಲಿಗೆ ಬಂದಾಗ ವಕೀಲರ ಫೀಸಿನ ಪ್ರಶ್ನೆಯಾಗುತ್ತದೆ.

ಎರಡನೆಯದು ವಿಳಂಬದ ದೂರು. ಮಾಹಿತಿ ಅಧಿಕಾರಿಗೆ 30 ದಿನ, ಮೊದಲ ಮೇಲ್ಮನವಿಗೆ 30ರಿಂದ 45 ದಿನ ಎಂದು ಗಡುವು ಹಾಕಿದ ಕಾಯ್ದೆ, ಆಯೋಗಕ್ಕೆ ಯಾವ ಗಡುವನ್ನೂ ಹಾಕಲಿಲ್ಲ. ಗುಮಾಸ್ತನಿಗೆ ದಿನದ ಲೆಕ್ಕದಲ್ಲಿ ದಂಡ, ಆಯುಕ್ತರಿಗೆ ಕಾಲದ ಲೆಕ್ಕವೇ ಇಲ್ಲ. 2010ರಲ್ಲಿ ಕಲ್ಕತ್ತಾ ಹೈಕೋರ್ಟು ಎರಡನೇ ಮೇಲ್ಮನವಿಯನ್ನೂ 45 ದಿನಗಳಲ್ಲಿ ಮುಗಿಸುವುದೇ ನ್ಯಾಯ ಎಂದಿತು. ಆ ಮಾತು ದೇಶದ ರೂಢಿಯಾಗಲಿಲ್ಲ.

ಮೂರನೆಯದು ನೇಮಕದ ಮೇಲಿನ ದೂರು. ಆಯುಕ್ತರು ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದವರಾಗಿರಬೇಕು, ಯಾವ ರಾಜಕೀಯ ಪಕ್ಷದೊಂದಿಗೂ ಸಂಬಂಧ ಇರಬಾರದು ಎಂದು ಕಾಯ್ದೆ ಹೇಳುತ್ತದೆ. ನಾಲ್ಕನೆಯದು ನಡತೆಯ ಮೇಲಿನ ದೂರು: ಲಂಚ, ಪಕ್ಷಪಾತ, ಅರ್ಜಿದಾರರನ್ನು ಗದರಿಸುವುದು. ಅದಕ್ಕೆ 17ನೇ ಸೆಕ್ಷನ್.

ಮೊದಲ ಎರಡು ಬಗೆಯ ದೂರುಗಳು ದಿನನಿತ್ಯದವು, ಸಾವಿರಾರು ಜನರವು. ಕೊನೆಯ ಎರಡು ಅಪರೂಪ. ಕಾಯ್ದೆ ಬಲವಾದ ಯಂತ್ರ ಕೊಟ್ಟದ್ದು ಅಪರೂಪದ ದೂರಿಗೆ. ನಿತ್ಯದ ದೂರಿಗೆ ಅದರೊಳಗೆ ಒಂದು ಕಿಟಕಿಯೂ ಇಲ್ಲ.

ತಪ್ಪು ನೇಮಕ, ತಡವಾದ ತೀರ್ಪು

ನೇಮಕದ ಮೇಲಿನ ದೊಡ್ಡ ದೂರು ಹೈದರಾಬಾದಿನಲ್ಲೇ ಇತ್ಯರ್ಥವಾಯಿತು. ಅವಿಭಜಿತ ಆಂಧ್ರಪ್ರದೇಶದ ಸರ್ಕಾರ 2012ರಲ್ಲಿ ಮಾಹಿತಿ ಆಯುಕ್ತರನ್ನು ನೇಮಿಸಿದಾಗ ಅವರಲ್ಲಿ ಕೆಲವರಿಗೆ ರಾಜಕೀಯ ಪಕ್ಷದ ನಂಟಿದೆ ಎಂಬ ಆಕ್ಷೇಪ ಎದ್ದಿತು. ವಿಷಯ ಮೂಸಿ ದಂಡೆಯ ಹೈಕೋರ್ಟಿಗೆ ಹೋಯಿತು. 2013ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ನಾಲ್ವರ ನೇಮಕವನ್ನು ರದ್ದುಮಾಡಿತು. ವ್ಯಾಜ್ಯ ದಿಲ್ಲಿಗೆ ಹೋಯಿತು. 2017ರಲ್ಲಿ ಸುಪ್ರೀಂ ಕೋರ್ಟೂ ಆ ತೀರ್ಪನ್ನು ಎತ್ತಿಹಿಡಿಯಿತು.

ಇದು ಮೇಲ್ವಿಚಾರಣೆಗೆ ಸಿಕ್ಕ ಗೆಲುವು. ಆದರೆ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ನೇಮಕ 2012, ಅಂತಿಮ ತೀರ್ಪು 2017. ಆಯುಕ್ತರ ಅವಧಿಯೇ ಆಗ ಐದು ವರ್ಷ. ನೇಮಕ ತಪ್ಪೆಂದು ಕೊನೆಯ ಬಾರಿಗೆ ಹೇಳುವ ಹೊತ್ತಿಗೆ ಆ ನೇಮಕದ ಆಯುಷ್ಯವೇ ಮುಗಿಯುತ್ತ ಬಂದಿತ್ತು.

ಆಯೋಗಕ್ಕೆ ಎಂಥವರು ಬರಬೇಕು ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ಇದೇ ವರ್ಷಗಳಲ್ಲಿ ಎರಡು ಸಲ ಎತ್ತಿಕೊಂಡಿತು. 2012ರ ಸೆಪ್ಟೆಂಬರಿನ ನಮಿತ್ ಶರ್ಮಾ ತೀರ್ಪಿನಲ್ಲಿ ಆಯೋಗದ ಕೆಲಸ ನ್ಯಾಯಾಂಗದ ಕೆಲಸದಂತೆಯೇ ಇರುವುದರಿಂದ ಅಲ್ಲಿ ನ್ಯಾಯಾಧೀಶರೂ ಇರಬೇಕು ಎಂದಿತು. ಒಂದು ವರ್ಷದಲ್ಲಿ, 2013ರ ಸೆಪ್ಟೆಂಬರಿನಲ್ಲಿ, ಮರುಪರಿಶೀಲನೆ ಮಾಡಿ ಆ ನಿರ್ದೇಶನವನ್ನು ಹಿಂದಕ್ಕೆ ಪಡೆಯಿತು. ಕಾಯ್ದೆ ಹೇಳದ ಅರ್ಹತೆಯನ್ನು ಕೋರ್ಟು ಸೇರಿಸಲಾಗದು ಎಂಬುದು ಅದರ ವಾದ. ನೇಮಕದ ಕೀಲಿಕೈ ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯಮಂತ್ರಿ ಆರಿಸಿದ ಒಬ್ಬ ಸಚಿವರ ಸಮಿತಿಯಲ್ಲೇ ಉಳಿಯಿತು. ಮೂವರಲ್ಲಿ ಇಬ್ಬರು ಸರ್ಕಾರದವರು.

ಹೊಸ ಉಪಾಯ: ನೇಮಿಸದಿರುವುದು

2014ರ ಜೂನ್ 2ರಂದು ತೆಲಂಗಾಣ ಹುಟ್ಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಹೊಸ ರಾಜ್ಯಕ್ಕೆ ಸ್ವಂತ ಮಾಹಿತಿ ಆಯೋಗವಿರಲಿಲ್ಲ. ಹಳೆಯ ಆಯೋಗವೇ ಎರಡೂ ರಾಜ್ಯಗಳ ಕೆಲಸ ನೋಡಿತು. 2017ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಆಯೋಗ ರಚನೆಯಾಯಿತು. ವಿಧಾನಮಂಡಲದ ಕಾರ್ಯದರ್ಶಿಯಾಗಿದ್ದ ರಾಜಾ ಸದಾರಾಂ ಮುಖ್ಯ ಆಯುಕ್ತರಾದರು, ಪತ್ರಕರ್ತ ಬುದ್ದಾ ಮುರಳಿ ಆಯುಕ್ತರಾದರು. ಕಾಯ್ದೆಯ ಪ್ರಕಾರ ಒಂದು ಆಯೋಗದಲ್ಲಿ ಮುಖ್ಯ ಆಯುಕ್ತರಲ್ಲದೆ ಹತ್ತು ಆಯುಕ್ತರವರೆಗೆ ಇರಬಹುದು. ಇಲ್ಲಿ ಇದ್ದವರು ಇಬ್ಬರೇ.

ಆ ಹೊತ್ತಿಗೆ ದೇಶದ ಹಲವು ಆಯೋಗಗಳ ಸ್ಥಿತಿ ಹೀಗೆಯೇ ಇತ್ತು. ಅಂಜಲಿ ಭಾರದ್ವಾಜ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದಾಗ ಅವರ ಅರ್ಜಿಯಲ್ಲಿ ತೆಲಂಗಾಣದ ಜೊತೆಗೆ ಕರ್ನಾಟಕದ ಹೆಸರೂ ಇತ್ತು. ಕರ್ನಾಟಕದಲ್ಲಿ ಆರು ಹುದ್ದೆ ಖಾಲಿ, ಸುಮಾರು 33,000 ಮೇಲ್ಮನವಿ ಮತ್ತು ದೂರುಗಳು ಬಾಕಿ. 2019ರ ಫೆಬ್ರುವರಿ 15ರಂದು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಹಾಗೂ ಮೂಡುಬಿದಿರೆ ಕಡೆಯಿಂದ ಬಂದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರ ಪೀಠ ತೀರ್ಪು ಕೊಟ್ಟಿತು. ಹುದ್ದೆ ಖಾಲಿಯಾಗುವ ಒಂದೆರಡು ತಿಂಗಳ ಮೊದಲೇ ನೇಮಕದ ಕೆಲಸ ಶುರುವಾಗಬೇಕು, ಆಯ್ಕೆಯ ಮಾನದಂಡವನ್ನು ಜನರ ಮುಂದಿಡಬೇಕು, ನಿವೃತ್ತ ಅಧಿಕಾರಿಗಳನ್ನಷ್ಟೇ ಅಲ್ಲದೆ ಬೇರೆ ಕ್ಷೇತ್ರದವರನ್ನೂ ಪರಿಗಣಿಸಬೇಕು ಎಂಬುದು ಅದರ ಸಾರ.

ತೆಲಂಗಾಣದಲ್ಲಿ 2020ರ ಫೆಬ್ರುವರಿಯಲ್ಲಿ ಐವರು ಆಯುಕ್ತರು ಬಂದರು. ಅದೇ ಆಗಸ್ಟಿನಲ್ಲಿ ಮುಖ್ಯ ಆಯುಕ್ತರು ನಿವೃತ್ತರಾದರು. ಅವರ ಜಾಗಕ್ಕೆ ಪೂರ್ಣಾವಧಿಯ ಮುಖ್ಯ ಆಯುಕ್ತರನ್ನು ನೇಮಿಸಲಿಲ್ಲ. ಐವರ ಅವಧಿ ಮೂರು ವರ್ಷ ಎಂಬುದು ಮೊದಲ ದಿನವೇ ಗೊತ್ತಿತ್ತು. 2023ರ ಫೆಬ್ರುವರಿ 24 ಯಾರಿಗೂ ಅನಿರೀಕ್ಷಿತವಾಗಿ ಬಂದ ದಿನವಲ್ಲ. ಆದರೂ ಒಂದೆರಡು ತಿಂಗಳ ಮೊದಲು ಶುರುವಾಗಬೇಕಿದ್ದ ಕೆಲಸ ಎರಡು ವರ್ಷ ಕಳೆದರೂ ಮುಗಿಯಲಿಲ್ಲ.

2023ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟಿನ ಮುಂದೆ ಮತ್ತೆ ವಿಷಯ ಬಂತು. ಜಾರ್ಖಂಡ್, ತ್ರಿಪುರಾ, ತೆಲಂಗಾಣ ಮೂರೂ ಕಡೆ ಆಯೋಗಗಳು ಸ್ತಬ್ಧವಾಗಿವೆ ಎಂಬುದನ್ನು ಕೋರ್ಟಿಗೆ ತಿಳಿಸಲಾಯಿತು. ಹೀಗೇ ಮುಂದುವರಿದರೆ ಕಾಯ್ದೆಗೆ ಜೀವವೇ ಉಳಿಯದು ಎಂಬರ್ಥದ ಮಾತನ್ನು ಪೀಠ ಆಡಿತು. ಒಂದು ತಿಂಗಳಲ್ಲಿ ತೆಲಂಗಾಣದಲ್ಲಿ ಚುನಾವಣೆ ನಡೆಯಿತು, ಡಿಸೆಂಬರಿನಲ್ಲಿ ಸರ್ಕಾರ ಬದಲಾಯಿತು. ಆಯೋಗದ ಕುರ್ಚಿಗಳು ಖಾಲಿಯೇ ಉಳಿದವು. ಭಾರತ ರಾಷ್ಟ್ರ ಸಮಿತಿಯ ಆಡಳಿತದಲ್ಲಿ ಶುರುವಾದ ಖಾಲಿತನ ಕಾಂಗ್ರೆಸ್ ಆಡಳಿತದಲ್ಲಿ ಇನ್ನೂ ಒಂದೂವರೆ ವರ್ಷದಷ್ಟು ಬೆಳೆಯಿತು. 2025ರ ಮೇ ತಿಂಗಳಲ್ಲಿ ಅರಣ್ಯ ಸೇವೆಯ ಜಿ. ಚಂದ್ರಶೇಖರ ರೆಡ್ಡಿ ಮುಖ್ಯ ಆಯುಕ್ತರಾದರು, ಬೇರೆ ಆಯುಕ್ತರೂ ಬಂದರು.

ಇಲ್ಲಿಗೆ ಕಾಯ್ದೆಯ ಓರೆ ಪೂರ್ತಿ ಕಾಣುತ್ತದೆ. ಒಬ್ಬ ಆಯುಕ್ತನನ್ನು ತೆಗೆಯಬೇಕೆಂದರೆ ರಾಜ್ಯಪಾಲರು ಬೇಕು, ಸುಪ್ರೀಂ ಕೋರ್ಟಿನ ವಿಚಾರಣೆ ಬೇಕು, ವರದಿ ಬೇಕು. ಎಲ್ಲ ಆಯುಕ್ತರೂ ಒಟ್ಟಿಗೇ ಇಲ್ಲವಾಗಬೇಕೆಂದರೆ ಏನೂ ಬೇಡ. ಆಯ್ಕೆ ಸಮಿತಿಯ ಸಭೆ ಕರೆಯದಿದ್ದರೆ ಸಾಕು. ಅದಕ್ಕೆ ಆದೇಶವಿಲ್ಲ, ಸಹಿಯಿಲ್ಲ, ಕಾರಣ ಬರೆಯುವ ಗೋಜಿಲ್ಲ. ಆದೇಶವೇ ಇಲ್ಲದ ಮೇಲೆ ಯಾವುದರ ಮೇಲೆ ಮೇಲ್ಮನವಿ ಹಾಕುವುದು?

ಕಲಬುರಗಿಯ ಬಾಗಿಲು

ಖಾಲಿ ಕುರ್ಚಿಯ ತೊಂದರೆ ಇಂಥದ್ದಾದರೆ, ತುಂಬಿದ ಕುರ್ಚಿಯ ಮೇಲೆ ದೂರು ಬಂದಾಗ ಏನಾಗುತ್ತದೆ ಎಂಬುದಕ್ಕೆ ಹಳೆಯ ಹೈದರಾಬಾದ್ ರಾಜ್ಯದ ಇನ್ನೊಂದು ಊರನ್ನೇ ನೋಡಬಹುದು. ಕರ್ನಾಟಕ ಮಾಹಿತಿ ಆಯೋಗದ ಒಂದು ಪೀಠ ಕಲಬುರಗಿಯಲ್ಲಿದೆ. ಬೀದರಿನ ಅರ್ಜಿದಾರ ಬೆಂಗಳೂರಿಗೆ ಹೋಗಬೇಕಾದ ಕಷ್ಟ ತಪ್ಪಲಿ ಎಂಬುದು ಅದರ ಉದ್ದೇಶ. 2025ರ ಮಾರ್ಚಿನಲ್ಲಿ ಆ ಪೀಠದ ಆಯುಕ್ತರೊಬ್ಬರನ್ನು ಲೋಕಾಯುಕ್ತ ಪೊಲೀಸರು ಬಂಧಿಸಿದರು. ಕಪ್ಪುಪಟ್ಟಿಗೆ ಸೇರಿಸಿದ್ದ ಅರ್ಜಿದಾರನೊಬ್ಬನ ಹೆಸರು ತೆಗೆಯಲು ಹಣ ಪಡೆದರು ಎಂಬುದು ಆರೋಪ. ಆರೋಪ ನಿಜವೋ ಅಲ್ಲವೋ ಎಂಬುದನ್ನು ನ್ಯಾಯಾಲಯ ಹೇಳಬೇಕು.

ಇದರಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿದಾರರ ಕಪ್ಪುಪಟ್ಟಿ ಎಂಬ ಮಾತೇ ಇಲ್ಲ. ಪದೇ ಪದೇ ನೂರಾರು ಅರ್ಜಿ ಹಾಕಿ ಕಚೇರಿಗಳನ್ನು ಕಾಡುವವರು ಇದ್ದಾರೆ ಎಂಬ ಆಯೋಗದ ತಕರಾರಿನಲ್ಲಿ ಹುರುಳಿರಬಹುದು. ಆದರೆ ಕಾಯ್ದೆ ಹೇಳದ ಅಧಿಕಾರವೊಂದು ಒಬ್ಬರ ಕೈಗೆ ಬಂದರೆ, ಅದರ ಮೇಲೆ ದೂರು ಕೊಡುವ ಜಾಗವೂ ಕಾಯ್ದೆಯಲ್ಲಿ ಇರುವುದಿಲ್ಲ. ಎರಡನೆಯದು, ತೆರೆದಿದ್ದ ಬಾಗಿಲು ಪೊಲೀಸರದ್ದು. ಲಂಚದ ಆರೋಪವಾದರೆ ಬಲೆ ಬೀಸಬಹುದು. ದರ್ಪ, ಪಕ್ಷಪಾತ, ಕಾರಣ ಬರೆಯದ ಆದೇಶ, ಎರಡು ವರ್ಷ ದಿನಾಂಕವೇ ಕೊಡದಿರುವುದು, ಇವು ಅಪರಾಧಗಳಲ್ಲ. ಅವುಗಳಿಗೆ ಬಲೆ ಬೀಸಲಾಗದು.

ಮಹಾರಾಷ್ಟ್ರದಲ್ಲಿ 2011ರಲ್ಲಿ ಆದರ್ಶ ಸೊಸೈಟಿ ಹಗರಣದಲ್ಲಿ ಹೆಸರು ಕೇಳಿಬಂದ ಮಾಹಿತಿ ಆಯುಕ್ತರೊಬ್ಬರನ್ನು ರಾಜ್ಯಪಾಲರು ಅಮಾನತುಗೊಳಿಸಿದ್ದರು. 17ನೇ ಸೆಕ್ಷನ್ ಬಳಕೆಗೆ ಬರುವುದು ಹೀಗೆ, ದೇಶವೆಲ್ಲ ಸುದ್ದಿಯಾಗುವಂಥ ಪ್ರಕರಣದಲ್ಲಿ. ಇನ್ನೊಂದು ತೊಡಕೂ ಇದೆ. ರಾಜ್ಯಪಾಲರು ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಅಂದರೆ ಆಯುಕ್ತರ ಮೇಲಿನ ದೂರು ಸುಪ್ರೀಂ ಕೋರ್ಟಿಗೆ ಹೋಗಬೇಕೋ ಬೇಡವೋ ಎಂಬ ಮೊದಲ ತೀರ್ಮಾನದಲ್ಲಿ, ಆಯುಕ್ತರು ಕಣ್ಣಿಟ್ಟು ಕಾಯಬೇಕಾದ ಸರ್ಕಾರದ್ದೇ ಮಾತು ನಡೆಯುತ್ತದೆ. ಸರ್ಕಾರಕ್ಕೆ ಅನುಕೂಲವಾಗಿರುವ ಆಯುಕ್ತರ ಮೇಲೆ ಜನ ಎಷ್ಟೇ ದೂರು ಕೊಟ್ಟರೂ ಕಡತ ಮೇಲೇಳುವ ಸಂಭವ ಕಡಿಮೆ. ಬೇಲಿಯೇ ಎದ್ದು ಹೊಲ ಮೇಯ್ದಾಗ ದೂರು ಕೊಡಬೇಕಾದದ್ದು ಬೇಲಿ ಹಾಕಿಸಿದವನಿಗೇ.

ಬೇರೆಡೆಯ ಎರಡು ಪಾಠ

ಬ್ರಿಟನ್ನಿನಲ್ಲಿ ಮಾಹಿತಿ ಮತ್ತು ಖಾಸಗಿತನ ಎರಡನ್ನೂ ನೋಡಿಕೊಳ್ಳುವುದು ಒಂದೇ ಸಂಸ್ಥೆ, ಮಾಹಿತಿ ಆಯುಕ್ತರ ಕಚೇರಿ. ಅಲ್ಲಿ ದೂರುಗಳನ್ನು ಬೇರ್ಪಡಿಸಿದ್ದಾರೆ. ಮಾಹಿತಿ ಕೊಡಬೇಕೋ ಬೇಡವೋ ಎಂಬ ಆಯುಕ್ತರ ತೀರ್ಮಾನ ತಪ್ಪೆನಿಸಿದರೆ ನ್ಯಾಯಮಂಡಳಿಗೆ ಮೇಲ್ಮನವಿ. ಕಚೇರಿ ವಿಳಂಬ ಮಾಡಿತು, ಸರಿಯಾಗಿ ನಡೆಸಿಕೊಳ್ಳಲಿಲ್ಲ ಎಂಬ ದೂರಾದರೆ ಸಂಸತ್ತಿನ ಒಂಬುಡ್ಸ್‌ಮನ್ನರ ಬಳಿಗೆ, ಅದೂ ತಮ್ಮ ಸಂಸದರ ಮೂಲಕ. ಒಂಬುಡ್ಸ್‌ಮನ್ ಆಯುಕ್ತರ ತೀರ್ಮಾನ ಬದಲಿಸುವುದಿಲ್ಲ. ಕೆಲಸ ಮಾಡಿದ ರೀತಿಯನ್ನು ಮಾತ್ರ ನೋಡುತ್ತಾರೆ. ಆ ವ್ಯವಸ್ಥೆಯ ಮೇಲೂ ಅಲ್ಲಿನ ಜನರಿಗೆ ಸಾಕಷ್ಟು ಅಸಮಾಧಾನವಿದೆ. ಆದರೆ ನಿತ್ಯದ ದೂರಿಗೆ ಒಂದು ವಿಳಾಸವಿದೆ.

ಎರಡನೆಯ ಪಾಠ ಹಂಗೆರಿಯದು. ಅಲ್ಲಿನ ಸರ್ಕಾರ 2011ರ ಕೊನೆಗೆ ದತ್ತಾಂಶ ರಕ್ಷಣೆಯ ಆಯುಕ್ತರ ಹುದ್ದೆಯನ್ನೇ ರದ್ದುಮಾಡಿ ಹೊಸ ಸಂಸ್ಥೆ ಕಟ್ಟಿತು. ಆರು ವರ್ಷಕ್ಕೆಂದು ಬಂದಿದ್ದ ಆಯುಕ್ತರು ನಡುವೆಯೇ ಮನೆಗೆ ಹೋದರು. 2014ರ ಏಪ್ರಿಲ್ 8ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಇದು ತಪ್ಪೆಂದು ತೀರ್ಪು ಕೊಟ್ಟಿತು. ಅವಧಿಯನ್ನು ಯಾವ ನೆಪದಿಂದ ಮೊಟಕುಗೊಳಿಸಿದರೂ ಆಯುಕ್ತರು ಆ ಭಯದಲ್ಲೇ ಸರ್ಕಾರದ ಮರ್ಜಿಗೆ ಬೀಳುತ್ತಾರೆ ಎಂಬುದು ಅದರ ತರ್ಕ. ಮೇಲ್ವಿಚಾರಣೆ ಬೇಕು, ಅದು ಸರ್ಕಾರದ ಕೈಯಲ್ಲಿರಬಾರದು: ಎರಡೂ ಪಾಠಗಳನ್ನು ಒಟ್ಟಿಗೆ ಹಿಡಿಯುವುದೇ ಕಷ್ಟದ ಕೆಲಸ.

ಐದು, ಮೂರು, ಎರಡು

ಭಾರತ ಹೋದ ದಾರಿಯನ್ನು ಮೂರು ಅಂಕಿಗಳಲ್ಲಿ ಹೇಳಬಹುದು. 2005ರಲ್ಲಿ ಮಾಹಿತಿ ಆಯುಕ್ತರಿಗೆ ಐದು ವರ್ಷ, ಕಾಯ್ದೆಯಲ್ಲೇ ಬರೆದದ್ದು. 2019ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ ಅವಧಿಯನ್ನೂ ಸಂಬಳವನ್ನೂ ನಿರ್ಧರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅದೇ ಅಕ್ಟೋಬರಿನ ನಿಯಮಗಳಲ್ಲಿ ಅವಧಿ ಮೂರು ವರ್ಷಕ್ಕಿಳಿಯಿತು. 17ನೇ ಸೆಕ್ಷನ್ನಿನ ಗೋಡೆಯನ್ನು ಯಾರೂ ಮುಟ್ಟಲಿಲ್ಲ. ಗೋಡೆಯೊಳಗಿನ ಮನೆಯ ಬಾಡಿಗೆ ಕರಾರು ಮಾತ್ರ ಬದಲಾಯಿತು.

ಮೂರನೆಯ ಅಂಕಿಗೆ ಬರುವ ಮೊದಲು ಬೆಂಗಳೂರಿನ ಒಬ್ಬ ಹಿರಿಯರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು. ಆ ಅರ್ಜಿಯಿಂದಲೇ 2017ರ ಆಗಸ್ಟ್ 24ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತೂ ಮಂದಿ ಒಪ್ಪಿದರು. ಆ ಪೀಠದಲ್ಲೂ ಅಬ್ದುಲ್ ನಜೀರ್ ಇದ್ದರು. ಪುಟ್ಟಸ್ವಾಮಿ 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ಹಕ್ಕನ್ನು ಕಾಯಲೆಂದು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರ ಕೆಳಗೆ ದತ್ತಾಂಶ ರಕ್ಷಣಾ ಮಂಡಳಿ ಇರುತ್ತದೆ. ಮಂಡಳಿಯ ಅಧ್ಯಕ್ಷರನ್ನೂ ಸದಸ್ಯರನ್ನೂ ನೇಮಿಸುವುದು ಕೇಂದ್ರ ಸರ್ಕಾರ. ಅವಧಿ ಎರಡು ವರ್ಷ, ಮರುನೇಮಕಕ್ಕೆ ಅವಕಾಶವಿದೆ. ಅನರ್ಹರೆಂದು ಕಂಡರೆ ಅವರ ಮಾತು ಕೇಳಿ ತೆಗೆಯುವುದೂ ಕೇಂದ್ರ ಸರ್ಕಾರವೇ. ಇಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆಯಿಲ್ಲ. ಮಂಡಳಿಯ ಆದೇಶದ ಮೇಲೆ ದೂರಸಂಪರ್ಕ ವ್ಯಾಜ್ಯಗಳ ನ್ಯಾಯಮಂಡಳಿಗೆ ಮೇಲ್ಮನವಿ ಹೋಗುತ್ತದೆ ಎಂಬುದು ಒಳ್ಳೆಯ ಸಂಗತಿ; ಆದೇಶದ ಮೇಲಿನ ದೂರಿಗೆ ಕಾಯ್ದೆಯಲ್ಲೇ ಒಂದು ಜಾಗ ಸಿಕ್ಕಿದೆ. ಆದರೆ ಜನರ ವೈಯಕ್ತಿಕ ವಿವರಗಳನ್ನು ದೇಶದಲ್ಲಿ ಅತಿ ಹೆಚ್ಚು ಇಟ್ಟುಕೊಂಡಿರುವುದು ಸರ್ಕಾರ. ಎರಡು ವರ್ಷಕ್ಕೊಮ್ಮೆ ಮರುನೇಮಕಕ್ಕೆ ಕಾಯುವ ಸದಸ್ಯರು ಆ ಸರ್ಕಾರದ ಮೇಲಿನ ದೂರನ್ನು ಕೇಳಬೇಕು.

ಇದೇ ಕಾಯ್ದೆ ಮಾಹಿತಿ ಹಕ್ಕಿನ ಕಾಯ್ದೆಯನ್ನೂ ತಿದ್ದಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿಯನ್ನು ಮಾತ್ರ ಅಧಿಕಾರಿ ನಿರಾಕರಿಸಬಹುದಿತ್ತು. ಜನಹಿತ ದೊಡ್ಡದಿದ್ದರೆ ಅದನ್ನೂ ಕೊಡಬೇಕಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ವೈಯಕ್ತಿಕ ಮಾಹಿತಿ ಎಂದಷ್ಟೇ ಹೇಳಿ ನಿರಾಕರಿಸಬಹುದು. ಜನಹಿತಕ್ಕಾಗಿ ಕೊಡಬಹುದು ಎಂಬ ಬೇರೆ ಸೆಕ್ಷನ್ ಉಳಿದಿದೆ. ಅದನ್ನು ತೂಗಿ ನೋಡುವ ಕೊನೆಯ ಕೈ ಮಾಹಿತಿ ಆಯೋಗದ್ದು. ಪಿಂಚಣಿ ಪಟ್ಟಿಯಲ್ಲಿ ಸತ್ತವರ ಹೆಸರಿದೆಯೇ, ಉದ್ಯೋಗ ಖಾತರಿಯ ಕೂಲಿ ಯಾರ ಖಾತೆಗೆ ಹೋಯಿತು ಎಂಬ ಪ್ರಶ್ನೆಗಳಲ್ಲಿ ಹೆಸರುಗಳೇ ಮಾಹಿತಿ. ಇನ್ನು ಮುಂದೆ ಹೆಚ್ಚು ನಿರಾಕರಣೆಗಳು ಬರುತ್ತವೆ, ಹೆಚ್ಚು ಮೇಲ್ಮನವಿಗಳು ಬರುತ್ತವೆ. ಆಯೋಗದ ಆರೋಗ್ಯ ಹಿಂದೆಂದಿಗಿಂತ ಈಗ ಮುಖ್ಯವಾಗಿರುವುದು ಇದರಿಂದ.

ಸಣ್ಣ ಕಿಟಕಿಗಳು

ಆಯುಕ್ತರಿಗೆ ಕೊಟ್ಟ ರಕ್ಷಣೆಯನ್ನು ತೆಗೆಯುವುದು ಇದಕ್ಕೆ ಪರಿಹಾರವಲ್ಲ. ಅದನ್ನು ತೆಗೆದರೆ 2002ರ ಕಾಯ್ದೆಗೆ ಮರಳಿದಂತೆ. ಬೇಕಾಗಿರುವುದು ಆಯುಕ್ತರನ್ನು ಮುಟ್ಟದೆ, ದೂರನ್ನು ಮಾತ್ರ ಎತ್ತಿಕೊಳ್ಳುವ ಸಣ್ಣ ಕಿಟಕಿಗಳು. ಎರಡನೇ ಮೇಲ್ಮನವಿಗೆ ಕಾಯ್ದೆಯಲ್ಲೇ ಒಂದು ಗಡುವು. ವಿಳಂಬ ಮತ್ತು ನಡವಳಿಕೆಯ ದೂರನ್ನು ಕೇಳಿ, ತೀರ್ಮಾನಕ್ಕೆ ಕೈಹಾಕದೆ ಬಹಿರಂಗವಾಗಿ ವರದಿ ಕೊಡುವ ಒಬ್ಬ ಹೊರಗಿನವರು. ಅವಧಿ ಮುಗಿದ ಆಯುಕ್ತರು ಹೊಸಬರು ಬರುವವರೆಗೆ ಕೆಲವು ತಿಂಗಳು ಮುಂದುವರಿಯುವ ಏರ್ಪಾಡು. ಇಷ್ಟಿದ್ದಿದ್ದರೆ 2023ರ ಫೆಬ್ರುವರಿಯಲ್ಲಿ ಆಯೋಗ ಒಂದೇ ದಿನದಲ್ಲಿ ಬರಿದಾಗುತ್ತಿರಲಿಲ್ಲ. ಆಯೋಗ ಪ್ರತಿವರ್ಷ ವರದಿ ಸಿದ್ಧಪಡಿಸಬೇಕು, ಅದು ಶಾಸನಸಭೆಯ ಮುಂದೆ ಬರಬೇಕು ಎಂದು 25ನೇ ಸೆಕ್ಷನ್ ಈಗಾಗಲೇ ಹೇಳುತ್ತದೆ. ಆ ವರದಿಯನ್ನು ಮೇಜಿನ ಮೇಲಿಟ್ಟು ಮುಂದಿನ ವಿಷಯಕ್ಕೆ ಹೋಗುವ ಬದಲು ಒಂದು ದಿನ ಚರ್ಚಿಸಿದರೆ, ಆಡಳಿತ ಪಕ್ಷವೂ ವಿರೋಧ ಪಕ್ಷವೂ ಖಾಲಿ ಕುರ್ಚಿಗಳ ಲೆಕ್ಕ ಕೊಡಬೇಕಾಗುತ್ತದೆ.

ಅಲ್ಲಿಯವರೆಗೆ ಉಳಿದಿರುವುದು ಹಳೆಯ ದಾರಿಯೇ. ಮೊಅಜ್ಜಂ ಜಾಹಿ ಮಾರ್ಕೆಟ್ಟಿನ ಕಚೇರಿಯಲ್ಲಿ ಈಗ ಆಯುಕ್ತರಿದ್ದಾರೆ. ಎರಡು ವರ್ಷ ಯಾರೂ ಮುಟ್ಟದೆ ಬಿದ್ದಿದ್ದ ಮೇಲ್ಮನವಿಗಳ ಜೊತೆಗೆ ಹೊಸವೂ ಅವರ ಮೇಜಿಗೆ ಬರುತ್ತಿವೆ. ಮೂರು ವರ್ಷ ಎಂದರೆ ಅವರ ಅವಧಿ ಮುಗಿಯುವುದು 2028ರಲ್ಲಿ. ಆ ದಿನ ಯಾವುದೆಂಬುದು ಸರ್ಕಾರಕ್ಕೆ ಈಗಲೇ ಗೊತ್ತಿದೆ. ಒಂದೆರಡು ತಿಂಗಳ ಮೊದಲೇ ಆಯ್ಕೆಯ ಕೆಲಸ ಶುರುವಾಗಬೇಕೆಂಬ 2019ರ ತೀರ್ಪೂ ಅದರ ಮುಂದಿದೆ.